ಹಸಿರು ವೈರಿನ ಉಪಕಾರ

ನಮ್ಮ ಬಚ್ಚಲುಮನೆಯ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಹೆಂಡತಿ ನಿರ್ಮಲಾ ಹೇಳಿದಾಗ ನಾನು, "ಚಳಿಗೆ ಹಂಗೆ ಆಗ್ತೈತೆ" ಎಂದೆ. ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು ನಾನು. ಯಾವ ದೂರು ಬಂದರೂ ಏನಾದರೊಂದು ಸಮಾಧಾನ ಹೇಳುವುದು ನಾಲಿಗೆಗೆ ಅಂಟಿದ ಅಭ್ಯಾಸ. ಮರುದಿನ ನನ್ನ ಕೈಯೇ ಜುಮ್ಮೆಂದಾಗ ಮಾತ್ರ ಚಳಿಯ ನೆನಪಾಗಲಿಲ್ಲ. ಟವಲು ಸುತ್ತಿಕೊಂಡೇ ಸವಳಂಗದ ಭಾವನಿಗೆ ಫೋನ್ ಮಾಡಿದೆ.

ಭಾವ ಮಂಜಣ್ಣ ನನ್ನ ಅಕ್ಕನ ಗಂಡ, ಮನೆಗಳಿಗೆ ವೈರಿಂಗ್ ಮಾಡುವವರು. ಬೈಕಿನಲ್ಲಿ ಬಂದು ನಲ್ಲಿಗೆ ಟೆಸ್ಟರ್ ಮುಟ್ಟಿಸಿದರು, ದೀಪ ಹತ್ತಿತು. ಮೈನ್ ಆಫ್ ಮಾಡಿ ಗೀಸರಿನ ಪ್ಲಗ್ಗು ಬಿಚ್ಚಿ ನೋಡಿ, "ನಿಮ್ಮ ಮನ್ಯಾಗೆ ಅರ್ತೇ ಇಲ್ವಲ್ಲಪ್ಪಾ!" ಎಂದರು.

ಮನೆಯಲ್ಲಿ ಅರ್ಥವಿಲ್ಲದ ಮಾತು ಬೇಕಾದಷ್ಟು ನಡೆಯುತ್ತದೆ, ನಿಜ. ಅದು ಪ್ಲಗ್ಗಿನಿಂದ ಇವರಿಗೆ ಹೇಗೆ ತಿಳಿಯಿತೆಂದು ಬೆಪ್ಪಾದೆ. ಅವರು ಹೇಳಿದ್ದು ಪುಸ್ತಕಗಳು ಭೂಸಂಪರ್ಕ ಎನ್ನುವ ಅರ್ತಿಂಗನ್ನು. ಅದಕ್ಕೆಂದೇ ಇರುವ ಹಸಿರು ವೈರನ್ನು ಯಾರೋ ಪ್ಲಗ್ಗಿನೊಳಗೆ ಮಡಚಿ, ಟೇಪು ಸುತ್ತಿ ಮಲಗಿಸಿದ್ದರು. ನೂರು ಬಗೆಯ ಹಸಿರು ಮಾರಿದವನಿಗೆ ಈ ಒಂದು ಹಸಿರು ಯಾಕಿದೆಯೆಂದು ಕೇಳಲು ತೋಚಿರಲಿಲ್ಲ.

ಭಾವ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗುಂಡಿ ತೋಡಿಸಿ, ಕೊಳವೆ ಹುಗಿದು, ಹಸಿರು ವೈರನ್ನು ಅಲ್ಲಿಗೆ ಮುಟ್ಟಿಸಿದರು. ಗೀಸರಿನೊಳಗೆ ಸವೆದು ಸೋರುತ್ತಿದ್ದ ವೈರನ್ನು ಬದಲಿಸಿ, ಮೀಟರಿನ ಪಕ್ಕ ಹೊಸ ಸ್ವಿಚ್ಚೊಂದನ್ನು ಕೂರಿಸಿದರು. ಆಮೇಲೆ ಬಚ್ಚಲಿನ ನೀರಿನ ಪೈಪಿಗೂ ಪಟ್ಟಿ ಬಿಗಿದು ವೈರು ಕಟ್ಟತೊಡಗಿದರು.

"ನಲ್ಲಿಗ್ಯಾಕೆ ಭಾವ ವೈರು? ಅದೇನು ಕರೆಂಟಿನ ಸಾಮಾನಾ?"

"ಇದಕ್ಕೆ ಬಾಂಡಿಂಗ್ ಅಂತಾರೆ. ಬದುವಿನ ಎರಡೂ ಕಡೆ ಗದ್ದ್ಯಾಗೆ ನೀರು ಒಂದೇ ಮಟ್ಟ ಇದ್ರೆ ಹರಿಯುತ್ತೇನು? ಹಂಗೇ, ನಲ್ಲಿ, ಗೀಸರು ಎಲ್ಲಾನೂ ಒಂದಕ್ಕೊಂದು ಕಟ್ಟಿದ್ರೆ, ಎರಡೂ ಮುಟ್ಟಿದವನ ಮೈಯಾಗೆ ಕರೆಂಟು ಹರಿಯಾಕೆ ಕಾರಣನೇ ಇರಲ್ಲ."

"ಮತ್ತೆ ಅರ್ತು?"

"ಸೋರಿದ ಕರೆಂಟು ನಿನ್ನ ಮೈ ಹುಡುಕ್ಕೊಂಡು ಬರದೆ ನೆಲಕ್ಕೆ ಹೋಗಾಕೆ. ಅದು ಹೋಗಿದ್ದು ಕಂಡ ಕೂಡ್ಲೆ ಈ ಸ್ವಿಚ್ಚು ಬೀಳ್ತೈತೆ."

ಉಳಿದ ವೈರುಗಳು ದಿನವೂ ದುಡಿಯುತ್ತವೆ. ಹಸಿರು ವೈರು ಮಾತ್ರ ಸುಮ್ಮನೆ ಇರುತ್ತದೆ. ತನಗೆ ಕೆಲಸ ಬೀಳದಿದ್ದರೇ ಮನೆಯವರಿಗೆ ಕ್ಷೇಮ. ಅಂಥ ಸೋಮಾರಿತನ ನನಗೂ ಇದೆಯಾದರೂ ಅದರಿಂದ ಯಾರಿಗೂ ಕ್ಷೇಮವಾದ ದಾಖಲೆಯಿಲ್ಲ.

ಮುಂದಿನ ಚಳಿಗಾಲಕ್ಕೆ ನಿರ್ಮಲಾಳ ತಾಯಿ ಜಗಳೂರಿನಿಂದ ಬಂದರು. ಒಂದು ಬೆಳಿಗ್ಗೆ ಅವರು ಬಚ್ಚಲಲ್ಲಿ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಕೂತಿದ್ದಾಗ ಮನೆಯ ಕರೆಂಟು ಹೋಯಿತು. ಪಕ್ಕದ ಮನೆಯ ಮಿಕ್ಸಿ ಗುರುಗುಟ್ಟುತ್ತಲೇ ಇತ್ತು. ನೋಡಿದರೆ ಭಾವ ಹಾಕಿದ ಸ್ವಿಚ್ಚು ಬಿದ್ದಿದೆ. ಎತ್ತಿದೆ, ಮತ್ತೆ ಬಿತ್ತು. ಭಾವನಿಗೆ ಫೋನ್ ಮಾಡಿದೆ.

"ಒಳಗೆ ಯಾರಿದ್ದಾರೆ?" ಅವರ ಮೊದಲ ಪ್ರಶ್ನೆ.

"ಅತ್ತೆ."

"ಹುಷಾರಾಗಿದ್ದಾರೇನು?"

"ಬೈತಿದ್ದಾರೆ."

ಭಾವ ಉಸಿರು ಬಿಟ್ಟದ್ದು ಫೋನಿನಲ್ಲೇ ಕೇಳಿಸಿತು. "ಗೀಸರಿನ ಕಾಯಿಲು ಒಡೆದಿರಬೇಕು, ನೀರಿಗೆ ಕರೆಂಟು ಇಳಿದೈತೆ. ಅರ್ತು ಹಿಡಿದು ಉಳಿಸೈತೆ. ಗೀಸರಿನ ಪ್ಲಗ್ಗು ತೆಗಿ. ನಾನು ಬರೋತನಕ ಅದನ್ನ ಹಾಕಬೇಡ."

ಸ್ಪೀಕರಿನಲ್ಲಿ ಇದನ್ನೆಲ್ಲ ಕೇಳಿದ ನಿರ್ಮಲಾ ಬಚ್ಚಲಿಗೆ ಓಡಿದಳು. ಹೊಸ್ತಿಲ ಮೇಲೆ ಕೂತು, ತಾಯಿಯ ಒದ್ದೆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇದೇನೇ, ಹಿಂಗೆ ಹಿಡ್ಕೊಂಡ್ರೆ ತಲೆ ಹೆಂಗೆ ತೊಳೀಲಿ?" ಎಂದರು ಅತ್ತೆ.

ನಾನು ಒಲೆಯ ಮೇಲೆ ನೀರು ಕಾಯಿಸಿ ಕೊಡದಲ್ಲಿ ಹೊತ್ತು ತಂದೆ. "ಏನ್ರೀ ಅಳಿಯಂದ್ರೇ, ನಮ್ಮೂರಾಗೆ ನೀರಿಲ್ಲ, ನಿಮ್ಮೂರಾಗೆ ಕರೆಂಟಿಲ್ಲ. ನಾನು ಸ್ನಾನ ಮಾಡಾಕೆ ಎಲ್ಲಿಗೆ ಹೋಗ್ಲಿ?" ಎಂದು ಒಳಗಿಂದ ಗದರಿದರು. ನೀರು ಸಾಲದು ಎಂದರು, ತಂದದ್ದು ತಡವಾಯಿತು ಎಂದರು, ಬಿಸಿ ಹೆಚ್ಚಾಯಿತು ಎಂದೂ ಅಂದರು.

ಬಾಗಿಲಾಚೆ ನಿಂತು ಒಂದನ್ನೂ ಬಿಡದೆ ಕೇಳಿಸಿಕೊಂಡೆ. ಇನ್ನೊಂದಿಷ್ಟು ಬೈಯಲಿ ಎನಿಸಿತು.