ಅಂಟಿಸಿದ ಹಾಳೆ

ಕಳೆದ ವಾರ ಮನೆಯ ಟ್ರಂಕಿನಲ್ಲಿ ಹಳೆಯ ಸೋವಿಯತ್ ಪತ್ರಿಕೆಯೊಂದು ಸಿಕ್ಕಿತು. ನುಣುಪು ಕಾಗದ, ಕನ್ನಡ ಅಕ್ಷರ. ನಡುವಿನ ಹಾಳೆಯ ತುಂಬ ಹಬೆ ತಗುಲಿದ ಸುಕ್ಕು. ಆ ಸುಕ್ಕನ್ನು ಸವರಿದೊಡನೆ ನಮ್ಮೂರು ಆದೋನಿಯ ಭಾನುವಾರಗಳು ಮರಳಿ ಬಂದವು.

ಎರಡು ವರ್ಷದ ಹಿಂದಿನ, 1987ರ ಮಾತು. ಎಂ.ಎ. ರಜೆಯಲ್ಲಿ ಊರಿಗೆ ಬಂದಾಗ, ಹತ್ತಿ ಮಿಲ್ಲಿನ ಕಾರ್ಮಿಕ ಸಂಘದ ಕಚೇರಿಯಲ್ಲಿ ಆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು. ಕೇಳುವವರು ಹತ್ತಿಯ ಕಸ ಆರಿಸುವ ಹೆಂಗಸರು. ಟ್ರ್ಯಾಕ್ಟರು, ರಾಕೆಟ್ಟು, ಕೊನೆಯಿಲ್ಲದ ಗೋಧಿ ಹೊಲ! (ನಾನೂ ನಂಬಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಯಾರು ನಂಬುವುದಿಲ್ಲ?)

ಒಂದು ಭಾನುವಾರ ನನ್ನ ಓದು ಮುಗಿದ ಮೇಲೆ, ಚಿತ್ರ ನೋಡಲೆಂದು ಪತ್ರಿಕೆ ತೆಗೆದುಕೊಂಡ, ಆ ಹೆಂಗಸರಲ್ಲೊಬ್ಬಳಾದ ಈರಮ್ಮ ಒಂದು ಹಾಳೆಯನ್ನು ಬೆರಳಲ್ಲಿ ತಿಕ್ಕಿದಳು. ಹತ್ತಿಯ ಗುಣವನ್ನು ಮುಟ್ಟಿಯೇ ಹೇಳುವವಳು.

“ತಮ್ಮಾ, ಇದು ಒಂದು ಹಾಳಿ ಅಲ್ಲ. ಎರಡು ಅದಾವು.”

ಸಂಘದ ಅಧ್ಯಕ್ಷ ರುದ್ರಪ್ಪನವರು ಗೋಡೆ ನೋಡಿದರು. ಪೋಸ್ಟರಿಗೆ ಹಚ್ಚುವ ಮೈದಾ ಅಂಟಿನ ಡಬ್ಬಿ ಅವರ ಮೇಜಿನ ಕೆಳಗೇ ಇತ್ತು.

ಈರಮ್ಮ ಎದುರಿನ ಚಹಾದಂಗಡಿಗೆ ಹೋಗಿ, ಕುದಿಯುವ ಕೆಟಲಿನ ಹಬೆಗೆ ಹಿಡಿದು, ಹಾಳೆ ಬಿಡಿಸಿ ತಂದಳು. “ಓದು.”

ಓದುಗರ ಪತ್ರಗಳ ಪುಟ. ರಷ್ಯಾದಲ್ಲಿ ಸುಧಾರಣೆಯ ಗಾಳಿ ಬೀಸಿದ ಮೇಲೆ ಅಚ್ಚಾಗತೊಡಗಿದ್ದ ಮಾತುಗಳು. ಅಂಗಡಿಯಲ್ಲಿ ಸೋಪಿಲ್ಲ ಎಂದು ಒಬ್ಬ ಗೃಹಿಣಿ. ಕಾರ್ಖಾನೆಯ ಮ್ಯಾನೇಜರನ್ನು ಇನ್ನು ನಾವೇ ಓಟು ಹಾಕಿ ಆರಿಸುತ್ತೇವೆ ಎಂದು ಒಬ್ಬ ಕಾರ್ಮಿಕ.

“ಅಲ್ಲಿ ಮ್ಯಾನೇಜರಿಗೂ ಓಟು ಐತೇನು? ಅಣ್ಣಾರ, ನಿಮಗ ನಾವು ಓಟು ಹಾಕಿದ್ದು ಯಾವಾಗ್ರಿ?” ಈರಮ್ಮ ರುದ್ರಪ್ಪನವರತ್ತ ತಿರುಗಿದಳು.

“ಏ ಈರಮ್ಮಾ, ಇದನ್ನೆಲ್ಲಾ ಓದಿದ್ರ ಮಾಲಕರು ನಗತಾರ. ನೋಡ್ರಿ ನಿಮ್ಮ ರಷ್ಯಾ ಅಂತಾರ.”

“ನಗಲಿ ಬಿಡ್ರಿ. ನಾ ಕೇಳಿದ್ದಕ್ಕ ಜವಾಬು ಹೇಳ್ರಿ.”

ಹತ್ತು ವರ್ಷದಿಂದ ಸಂಘದಲ್ಲಿ ಚುನಾವಣೆಯೇ ಆಗಿರಲಿಲ್ಲ. ಮುಂದಿನ ಭಾನುವಾರವೇ ಚುನಾವಣೆ ನಡೆಯಿತು. ಗೆದ್ದವರು ರುದ್ರಪ್ಪನವರೇ. ಈರಮ್ಮನೂ ಅವರಿಗೇ ಕೈಯೆತ್ತಿದಳು.

“ಕೇಳಿದ ಮ್ಯಾಲರ ಮಾಡಿದ್ರಲ್ಲ, ಅದಕ್ಕ. ಆದ್ರ ಅಂಟಿನ ಡಬ್ಬಿ ಇನ್ನ ನನ್ನ ಕೈಯಾಗ ಇರಲಿ.”

ಎಂಥ ನಗು ಆ ಕೋಣೆಯಲ್ಲಿ! ರುದ್ರಪ್ಪನವರೂ ನಕ್ಕರು.

ಆ ದೊಡ್ಡ ದೇಶ ಮುಂದೇನಾಗುವುದೋ ಅರಿಯೆ. ತಾನು ಅಂಟಿಸಿಟ್ಟದ್ದನ್ನು ತಾನೇ ಬಿಡಿಸಲು ಹೊರಟಿದೆ. ನಮ್ಮ ಕಚೇರಿಗಳು, ಪಕ್ಷಗಳು, ವಿಶ್ವವಿದ್ಯಾಲಯಗಳು? ಅವುಗಳ ಉತ್ತರವನ್ನು ಈ ಅಂಕಣ ಕೇಳುತ್ತಲೇ ಇರುತ್ತದೆ. ಅದಕ್ಕೆ ಮುನ್ನ ನನಗೇ ಒಂದು ಪ್ರಶ್ನೆ: ಈರಮ್ಮನಿಗಿಂತ ಅರ್ಧ ಗಂಟೆ ಮೊದಲು ಅದೇ ಹಾಳೆಯನ್ನು ಮಗುಚಿ ಮುಂದೆ ಓದಿದ ನನ್ನ ಬೆರಳಿಗೆ, ಅದು ದಪ್ಪವೆಂದು ನಿಜಕ್ಕೂ ತಿಳಿದಿರಲಿಲ್ಲವೇ?