ಕಂಬಳಿಯ ಕಿಲ್ಟು

ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಭಜಿ ಅಂಗಡಿ ಇದೆ. ಹೋದ ವರ್ಷದ ಬೇಸಿಗೆಯಲ್ಲಿ ಒಲೆಯ ಮೇಲಿದ್ದ ಕಡಾಯಿ ಉರುಳಿ, ಕಾದ ಎಣ್ಣೆ ನನ್ನ ಎರಡೂ ತೊಡೆಗಳ ಮೇಲೆ ಬಿತ್ತು. ಆಸ್ಪತ್ರೆಯ ಕಥೆ ಬೇಡ. ಹೊರಗೆ ಬಂದಾಗ ಹೊಸ ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿತ್ತು. ಪ್ಯಾಂಟು ತಾಗಿದರೆ ಬೊಬ್ಬೆ ಏಳುತ್ತಿತ್ತು. ದೋತರದ ಕಚ್ಚೆ ಕಾಲ ಸಂದಿಯಲ್ಲೇ ಹಾದು ಹೋಗುವುದರಿಂದ ಅದೂ ಆಗಲಿಲ್ಲ. ಲುಂಗಿ ಉಟ್ಟು ಸ್ಕೂಟರ್ ಹತ್ತಿದರೆ ಅದು ಗಾಳಿಗೆ ಎಲ್ಲಿ ಹೋಗಿ ನಿಲ್ಲುತ್ತದೆಂದು ಹೇಳಲಾಗದು. ಗಲ್ಲಾಪೆಟ್ಟಿಗೆಯ ಮುಂದೆ ಲುಂಗಿಯಲ್ಲಿ ನಿಂತರಂತೂ ಗಿರಾಕಿಗಳು ನನ್ನನ್ನು ಈಗಷ್ಟೇ ಹಾಸಿಗೆಯಿಂದ ಎದ್ದವನಂತೆ ನೋಡುತ್ತಿದ್ದರು.

ದಾರಿ ತೋರಿಸಿದವಳು ಬಸವಕಲ್ಯಾಣದಲ್ಲಿರುವ ಅಕ್ಕನ ಮಗಳು. ಫೋನಿನಲ್ಲಿ ಯಾವುದೋ ದೇಶದ, ನಿರಿಗೆ ಲಂಗ ಉಟ್ಟ ಬ್ಯಾಂಡಿನವರನ್ನು ತೋರಿಸಿ, "ಮಾಮಾ, ಇದಕ್ಕ ಕಿಲ್ಟ್ ಅಂತಾರ. ಗಂಡಸರದೇ ಬಟ್ಟಿ ಇದು" ಅಂದಳು. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುವವಳು. ಗಾಳಿಗೆ ಹಾರದಿರಲೆಂದು ಒಂದು ಕರಿ ಕಂಬಳಿಯನ್ನು ಕತ್ತರಿಸಿ ನಿರಿಗೆ ಹಿಡಿದು, ಮೊಣಕಾಲಿನವರೆಗೆ ಬರುವಂತೆ ಹೊಲಿದಳು. ಕಂಬಳಿ ಚುಚ್ಚದಿರಲೆಂದು ಒಳಗೆ ನಮ್ಮ ಅಪ್ಪನ ಹಳೆಯ ದೋತರವನ್ನು ಕೊಟ್ಟು ಹೊಲಿದಳು. ಒಗೆದು ಒಗೆದು ಬೆಣ್ಣೆಯಂತಾಗಿದ್ದ ಬಟ್ಟೆ ಅದು. ನಾನು ಉಟ್ಟು ಹಿತ್ತಿಲಲ್ಲಿ ನಡೆದು ನೋಡಿದೆ. ಬಹಳ ತಿಂಗಳ ಮೇಲೆ ಕಾಲು ಅಗಲಿಸದೆ ಎಲ್ಲರ ಹಾಗೆ ನಡೆದೆ. ಅವತ್ತು ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲೆ ಶುರುವಾದವು ಪ್ರಶ್ನೆಗಳು. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯವೇ ಇಲ್ಲದವರು ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಮೊದಲು ಆಕಾಶ ನೋಡುವರು, ಆಮೇಲೆ ನನ್ನ ಮೊಣಕಾಲು ನೋಡುವರು, ಆಮೇಲೆ ಕೇಳುವರು. "ನಾಟಕದಾಗ ಪಾರ್ಟ್ ಮಾಡಾಕತ್ತೀರೇನ್ರಿ?" ಎಂದು ಒಬ್ಬ ಕಂಡಕ್ಟರ್ ಕೇಳಿದ್ದ. ಆಟೋದವನೊಬ್ಬ "ಕ್ಯಾ ಚಾಚಾ, ಚಾಚೀಕಾ ಲೆಹಂಗಾ?" ಅಂದ. ನಿಮ್ಮ ಚಾಚಿಗೆ ಇದು ಸೊಂಟಕ್ಕೂ ಸಾಲುವುದಿಲ್ಲ ಅಂದೆ. ಅವನು ನಕ್ಕು ಅವತ್ತು ಬಾಡಿಗೆ ಬೇಡವೆಂದ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಣ್ಣುಮಗಳೊಬ್ಬಳು ನನ್ನ ಮುಖವನ್ನು ನೋಡದೆ ನಿರಿಗೆಯ ತುದಿಯನ್ನೇ ಹಿಡಿದು ತಿರುವಿ, "ಹೊಲಗಿ ಚಂದ ಅದರಿ" ಎಂದು ಕೈ ಬಿಟ್ಟಳು. ಕಾಲೇಜು ಹುಡುಗರದು ಒಂದೇ ಪ್ರಶ್ನೆ: "ಅಂಕಲ್, ಒಳಗ ಏನ್ ಹಾಕೀರಿ?" ನಾನು "ನಮ್ಮ ಅಪ್ಪನ ದೋತರ" ಅನ್ನುತ್ತಿದ್ದೆ. ಅವರು ಬಿದ್ದು ಬಿದ್ದು ನಗುತ್ತಿದ್ದರು. ನಿಜ ಹೇಳಿದರೂ ನಗುವವರಿಗೆ ಏನು ಮಾಡಲಾದೀತು.

ಸುಳ್ಳು ಉತ್ತರ ನಾನು ಯಾರಿಗೂ ಕೊಡಲಿಲ್ಲ. ಅದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಮೈಯಲ್ಲಿರುವ ಹಟದಿಂದ. ಕೇಳಿದರೆ ಹೇಳುವುದು, ಮುಖದ ಮೇಲೇ ಹೇಳುವುದು. "ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ ಅಂತಾರ. ಇವ ಖರೇನೇ ಸುಟ್ಟಾನ, ನೋಡ್ರಿ, ಹೋಗಿಲ್ಲ" ಎಂದು ಅಕ್ಕ ಬಂದವರೆದುರು ನನ್ನನ್ನು ಆಡಿಕೊಳ್ಳುತ್ತಿದ್ದಳು.

ಆ ಅಕ್ಕನೇ ಈ ವರ್ಷ ಫೋನು ಮಾಡಿ, "ತಮ್ಮಾ, ಗಂಡಿನವರು ಬರೋ ದಿನ ಒಂದಿನ ಪ್ಯಾಂಟ್ ಹಾಕ್ಕೊಂಡ್ ಬಾ" ಅಂದಳು. ಮಗಳಿಗೆ ಗಂಡು ಗೊತ್ತಾಗುವುದರಲ್ಲಿತ್ತು. ಕೊಡಂಬಲದ ಕಡೆಯವರು, ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆ ಇತ್ತು. ಹಿರಿಯರು ಬಂದು ಹುಡುಗಿಗೆ ಸಕ್ಕರೆ ತಿನ್ನಿಸಿದರೆ ಮಾತು ಗಟ್ಟಿ. ಇದಕ್ಕೂ ಮೊದಲು ಬಂದಿದ್ದ ಒಂದು ಸಂಬಂಧ, ಸೋದರಮಾವ ಹೆಂಗಸರ ಬಟ್ಟೆ ಉಟ್ಟು ತಿರುಗುತ್ತಾನಂತೆ ಎಂಬ ಮಾತಿನಿಂದ ತಪ್ಪಿಹೋಗಿತ್ತು. ಅದನ್ನು ಅಕ್ಕ ನನಗೆ ಹೇಳಿರಲಿಲ್ಲ, ಬೇರೆಯವರಿಂದ ತಿಳಿದಿತ್ತು. ನಾನು ಹೂಂ ಅಂದೆ. ಕಿಲ್ಟು ಹೊಲಿದ ಕೈಯೇ ಅದನ್ನು ಬೇಡವೆಂದದ್ದರಿಂದ ನನಗೆ ನೋವಾಯಿತು. ಆದರೆ ಹುಡುಗಿಯ ಬಾಳು ದೊಡ್ಡದು.

ಪ್ಯಾಂಟು ಹಾಕಿಕೊಂಡು ಬಸ್ಸು ಹತ್ತಿದೆ. ಅಂದು ಯಾರೂ ಏನೂ ಕೇಳಲಿಲ್ಲ. ಬಸವಕಲ್ಯಾಣದಲ್ಲಿ ಇಳಿಯುವ ಹೊತ್ತಿಗೆ ಎಡತೊಡೆ ಒಡೆದು ಪ್ಯಾಂಟಿನ ಮೇಲೆ ಒದ್ದೆ ಕಲೆ ಮೂಡಿತ್ತು. ಅಕ್ಕ ಬಾಗಿಲಲ್ಲೇ ನೋಡಿದಳು. ಅಪ್ಪನ ದೋತರದ ಉಳಿದರ್ಧವನ್ನು ಒಳಗೆ ಕೊಟ್ಟು ಹೊಲಿದು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಇನ್ನೊಂದು ಕಂಬಳಿ ಕಿಲ್ಟನ್ನು ತಂದು ಕೈಗೆ ಕೊಟ್ಟು, "ಇದ ಹಾಕ್ಕೋ. ಅವರು ಹೋಗೋತನಕ ಅಡಗಿಮನ್ಯಾಗ ಕೂಡು" ಅಂದಳು.

ಅಡಿಗೆಮನೆಯಲ್ಲಿ ಕೂತೆ. ಅವರು ಬಂದರು, ಚಹಾ ಆಯಿತು. ಆದರೆ ಹುಡುಗಿಯ ಕೈ ಹಿಡಿದು ಮಣೆಯ ಮೇಲೆ ಕೂರಿಸಬೇಕಾದವನು ಸೋದರಮಾವ, ನಮ್ಮ ಕಡೆ ಅದು ಬೇರೆಯವರ ಕೆಲಸವಲ್ಲ. ಹುಡುಗನ ಅಜ್ಜಿ ಹೊರಗಿನಿಂದ "ಮಾಮ ಎಲ್ಲಿ?" ಎಂದು ಕೇಳಿದಳು. ಹುಡುಗಿ ತಾನೇ ಒಳಗೆ ಬಂದು ನನ್ನ ಕೈ ಹಿಡಿದು, "ನಡೀರಿ ಮಾಮಾ" ಅಂದಳು.

ನಾನು ಹೊರಗೆ ಬಂದೆ. ಹುಡುಗನ ತಂದೆಯ ಕಣ್ಣು ನನ್ನ ಮೊಣಕಾಲಿನ ಮೇಲಿತ್ತು. ಅಜ್ಜಿ ಮಾತ್ರ ಕಂಬಳಿಯನ್ನು ನೋಡಿದವಳೇ ಎದ್ದು ನಿಂತು ಕೈ ಮುಗಿದಳು. ಅವರ ಮನೆದೇವರು ಮೈಲಾರ ಮಲ್ಲಣ್ಣ. ಆ ದೇವರಿಗೆ ಹರಕೆ ಹೊತ್ತವರು ಕರಿ ಕಂಬಳಿ ಉಡುವುದುಂಟು. ಅಜ್ಜಿ ನನ್ನನ್ನು ಅಂಥವನೆಂದೇ ತಿಳಿದಿದ್ದಳು. ಸೊಂಟದ ಚೀಲದಿಂದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿ, ಉಳಿದ ಅರಿಶಿನ ಪುಡಿಯನ್ನು ನನ್ನ ಅಂಗೈಗೆ ಸುರಿದಳು.

"ದೇವರ ಕಂಬಳಿ ಇರೋ ಮನಿ. ಇನ್ನೇನು ನೋಡೋದದ? ನಿನ್ನ ಕೈಲೇ ಹುಡುಗಿ ಹಣಿಗಿ ಹಚ್ಚಪ್ಪಾ" ಅಂದಳು.

ಹುಡುಗನ ತಂದೆಯ ಮುಖ ಸಡಿಲವಾಯಿತು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದಳು, ಸುಮ್ಮನಿರು ಎಂದು ನನಗೆ ಕಣ್ಣಲ್ಲೇ ಹೇಳಿದಳು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹರಕೆಯ ವಿಷಯ ಯಾರೂ ಕೆದಕಿ ಕೇಳುವುದೂ ಇಲ್ಲ. ಆದರೆ ಸುಳ್ಳಿನ ಭಂಡಾರವನ್ನು ಈ ಹುಡುಗಿಯ ಹಣೆಗೆ ಹಚ್ಚಲು ನನಗೆ ಕೈ ಏಳಲಿಲ್ಲ. ಭಂಡಾರ ಬೆವರಿಗೆ ಒದ್ದೆಯಾಗುತ್ತಿತ್ತು.

"ಆಯೀ, ನಂದು ಹರಕಿ ಅಲ್ರಿ" ಅಂದೆ. "ಅಂಗಡ್ಯಾಗ ಕಡಾಯಿ ಉರುಳಿ ತೊಡಿ ಸುಟ್ಟಾವ. ಪ್ಯಾಂಟ್ ಹಾಕಿದ್ರ ಚರ್ಮ ಕಿತ್ತು ಬರ್ತದ. ಅದಕ್ಕ ಅಕ್ಕ ಇದು ಹೊಲ್ದು ಕೊಟ್ಟಾಳ."

ಹುಡುಗನ ತಂದೆ ಕಿಟಕಿಯ ಕಡೆ ತಿರುಗಿದ. ಅಕ್ಕ ಸಕ್ಕರೆ ಬಟ್ಟಲನ್ನು ಕೆಳಗಿಟ್ಟಳು. ಹುಡುಗಿ ಮಾತ್ರ ನನ್ನ ಕೈ ಬಿಟ್ಟಿರಲಿಲ್ಲ. ನನ್ನ ಬಾಯಿಯನ್ನು ನಾನೇ ಶಪಿಸಿಕೊಂಡೆ. ಅಜ್ಜಿ ಕಂಬಳಿಯನ್ನೇ ಬಹಳ ಹೊತ್ತು ನೋಡಿದಳು. ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಎಲ್ಲಿ ಸಿಕ್ಕಿತು, ಏನೆನ್ನುತ್ತಾರೆ, ನಾಚಿಕೆ ಬರುವುದಿಲ್ಲವೇ. ಎಲ್ಲಕ್ಕೂ ನನ್ನಲ್ಲಿ ಉತ್ತರ ತಯಾರಿತ್ತು.

"ಇನ್ನಾ ಬ್ಯಾನಿ ಆಗ್ತದೇನಪ್ಪಾ?" ಎಂದು ಕೇಳಿದಳು.

ನೋಯುತ್ತದೆಯೇ ಎಂದು ಅಷ್ಟು ದಿನಗಳಲ್ಲಿ ದಾರಿಯ ಜನ ಯಾರೂ ಕೇಳಿರಲಿಲ್ಲ. ಅಷ್ಟು ಜನರ ಮುಂದೆ ಕಣ್ಣು ತುಂಬಿಬಂತು. ಕೊನೆಗೆ "ಆಗ್ತದರಿ" ಅಂದೆ.

"ಮತ್ತ ನಿಂತಿ ಯಾಕ? ಹುಡುಗಿಗಿ ಹಚ್ಚಿ ಕೂಡು" ಅಂದಳು ಅಜ್ಜಿ. ಆಮೇಲೆ ಅಕ್ಕನ ಕಡೆ ತಿರುಗಿ, "ಸಕ್ರಿ ಕೆಳಗ್ಯಾಕ ಇಟ್ಟೆವ್ವಾ, ತಾ ಇಲ್ಲಿ" ಎಂದು ಕೈ ಚಾಚಿದಳು.

ನಾನು ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಹಣೆಗೆ ಭಂಡಾರ ಹಚ್ಚಿದೆ. ಆಮೇಲೆ ಅಪ್ಪನ ದೋತರ ಮುದುಡದ ಹಾಗೆ ನಿರಿಗೆ ಸರಿಮಾಡಿಕೊಂಡು, ಎಲ್ಲರ ನಡುವೆ ಕೂತೆ.