ಥಾನಿನ ಬೆಲೆ, ತುಂಡಿನ ಸಂಬಳ

ಬಟ್ಟೆ ಅಂಗಡಿಯಲ್ಲಿ ಹದಿನೇಳು ವರ್ಷ ಅಳೆದು ಕತ್ತರಿಸಿದವಳನ್ನು ಗಿರಾಕಿಗಳು ಮೀಟರಕ್ಕ ಎಂದೇ ಕರೆಯುತ್ತಿದ್ದರು. ಬೆಲೆಚೀಟಿ ನೋಡಿ ಹಿಗ್ಗಿದವರಿಗೆ, "ಅದು ಒಂದು ಮೀಟರಿನ ಬೆಲೆ ಕಣಮ್ಮಾ, ಸುತ್ತಿಟ್ಟ ಪೂರ್ತಿ ಥಾನಿಗಲ್ಲ. ಪಕ್ಕದ ಸಣ್ಣಕ್ಷರಾನೂ ಓದ್ಬೇಕು" ಎಂದು ದಿನಕ್ಕೆ ಹತ್ತು ಸಲ ಬುದ್ಧಿ ಹೇಳುವವಳು ಅವಳು. ಕೊನೆಗೆ ಸಣ್ಣಕ್ಷರದಲ್ಲೇ ಎಡವಿದಳು.

ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತು. ಆಸ್ಪತ್ರೆಯ ಬಟ್ಟೆ ಉಗ್ರಾಣಕ್ಕೆ ಜನ ಬೇಕು. ವಾರಕ್ಕೆ ಮೂರು ದಿನ. ತಿಂಗಳಿಗೆ ಮೂವತ್ತು ಸಾವಿರ, ಪ್ರೋ ರೇಟಾ. ಅಂಗಡಿಯಲ್ಲಿ ಆರು ದಿನ ನಿಂತು ಕಾಲು ಊದಿಸಿಕೊಂಡರೆ ಕೈಗೆ ಬರುತ್ತಿದ್ದದ್ದು ಹದಿನಾಲ್ಕು. ಮಗಳು ಕಾಲೇಜು ಸೇರಬೇಕಾದರೆ ತಿಂಗಳಿಗೆ ಇಪ್ಪತ್ತೆರಡು ಸಾವಿರವಾದರೂ ಬೇಕಿತ್ತು.

"ಈ ಪ್ರೋ ರೇಟಾ ಅಂದ್ರೇನ್ರೀ?"

"ಊಟ ಗೀಟ ಕೊಡ್ತಾರೇನೋ" ಎಂದ ಗಂಡ, ಶೂ ದಾರ ಬಿಗಿಯುತ್ತ. ಅವನು ಬಸ್ ಚಾಲಕ. ಗೊತ್ತಿಲ್ಲದ ದಾರಿಯನ್ನೂ ಗೊತ್ತಿರುವವನಂತೆ ಹೇಳಿ ರೂಢಿ.

ಸಂದರ್ಶನಕ್ಕೆ ಮೊದಲೇ ಅವಳು ಅಂಗಡಿ ಯಜಮಾನರಿಗೆ, ಈ ತಿಂಗಳೇ ಕೊನೆ ಎಂದುಬಿಟ್ಟಳು.

"ಮೂರು ದಿನಕ್ಕೆ ಮೂವತ್ತಾ?" ಎಂದರು ಯಜಮಾನರು. "ನಂಗೂ ಒಂದು ಅರ್ಜಿ ತಗೊಂಡ್ಬಾ ತಾಯಿ."

ಆಸ್ಪತ್ರೆಯ ಗುಮಾಸ್ತೆ ಅವಳ ಕಾಗದ ನೋಡಿದಳು, ಮೆಚ್ಚಿದಳು. "ಸಂಬಳ ಹದಿನೆಂಟು. ಒಪ್ಪಿಗೆನಾ?"

"ಮೂವತ್ತು ಅಂತ ಅಚ್ಚು ಹಾಕ್ಸಿದೀರಲ್ಲ!"

"ಅದು ವಾರಕ್ಕೆ ಐದು ದಿನದ ಪೂರ್ತಿ ಕೆಲಸಕ್ಕೆ. ಪ್ರೋ ರೇಟಾ ಅಂದ್ರೆ ಎಷ್ಟು ದಿನಾನೋ ಅಷ್ಟಕ್ಕೆ ತಕ್ಕ ಸಂಬಳ. ಐದರಲ್ಲಿ ಮೂರು ಪಾಲು ನಿಮ್ದು."

ಮೀಟರಕ್ಕನ ಕಿವಿ ಬಿಸಿಯಾಯಿತು. ಇವರು ಥಾನಿನ ಬೆಲೆ ಬರೆದು ತುಂಡು ಕತ್ತರಿಸಿ ಕೊಡುತ್ತಿದ್ದಾರೆ! ಇಷ್ಟು ವರ್ಷ ತಾನು ಗೇಲಿ ಮಾಡಿದ ಗಿರಾಕಿಗಳೆಲ್ಲ ಸಾಲಾಗಿ ನಿಂತು ನಗುತ್ತಿರುವಂತೆ ಅನಿಸಿತು. ಎದ್ದು ಹೋಗೋಣವೆಂದರೆ, ಅಲ್ಲಿ ಕೆಲಸ ಬಿಡುತ್ತೇನೆ ಎಂದು ಬಂದಾಗಿದೆ.

ಆದರೆ ಅಳೆಯುವ ಬುದ್ಧಿ ಸುಮ್ಮನಿರಲಿಲ್ಲ. ಇಲ್ಲಿ ಮೂರು ದಿನಕ್ಕೆ ಹದಿನೆಂಟು, ಅಲ್ಲಿ ಆರು ದಿನಕ್ಕೆ ಹದಿನಾಲ್ಕು. ಬಟ್ಟೆ ಒಳ್ಳೆಯದೇ, ತುಂಡು ಚಿಕ್ಕದು ಅಷ್ಟೆ. ಇಪ್ಪತ್ತೆರಡಕ್ಕೆ ಇನ್ನೂ ನಾಲ್ಕು ಸಾವಿರ ಕಡಿಮೆ. ಇನ್ನೊಂದು ತುಂಡು ಜೋಡಿಸಬೇಕು.

"ಯಾವ್ಯಾವ ದಿನ?"

"ಸೋಮ, ಮಂಗಳ, ಬುಧ."

"ಒಪ್ಪಿಗೆ" ಎಂದಳು.

ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಯಜಮಾನರ ಸ್ವಾಗತ: "ಬನ್ನಿ, ಮೂವತ್ತು ಸಾವಿರದವರು!"

"ಹದಿನೆಂಟು ಸಾವಿರದವಳು" ಎಂದಳು ಮೀಟರಕ್ಕ. "ನಗೋದಾದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಕೇಳಿ. ಗುರುವಾರದಿಂದ ಶನಿವಾರದವರೆಗೂ ಇಲ್ಲಿಗೇ ಬರ್ತೀನಿ. ಆರು ದಿನಕ್ಕೆ ಹದಿನಾಲ್ಕು, ಮೂರು ದಿನಕ್ಕೆ ಏಳು. ಅದನ್ನ ಪ್ರೋ ರೇಟಾ ಅಂತಾರೆ."

ಯಜಮಾನರು ಕನ್ನಡಕ ಒರೆಸಿಕೊಂಡರು. ಅವಳಷ್ಟು ನೇರವಾಗಿ ಕತ್ತರಿಸುವವರು ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡರೂ ಅವರಲ್ಲ. "ಏಳಕ್ಕೆ ಆಯ್ತು" ಎಂದರು.

ಮೀಟರಕ್ಕ ಉಸಿರು ಬಿಟ್ಟಳು. ಇಪ್ಪತ್ತೈದಾಯಿತು. ಮಗಳು ಕಾಲೇಜು ಸೇರಬಹುದು.

"ಶನಿವಾರ ಗಿರಾಕಿ ಜಾಸ್ತಿ ನೋಡು, ಎಂಟು ಕೇಳ್ತೀಯೇನೋ ಅಂದ್ಕೊಂಡಿದ್ದೆ" ಎಂದರು ಯಜಮಾನರು.

"ಹಾಗಾದ್ರೆ ಎಂಟೇ ಕೊಡಿ!"

ಯಜಮಾನರು ಮೀಟರ್ ಕೋಲನ್ನೆತ್ತಿ ಅವಳ ತಲೆಯ ಮೇಲಿದ್ದ ಬೋರ್ಡು ತೋರಿಸಿದರು. ಹದಿನೇಳು ವರ್ಷದಿಂದ ಅವಳೇ ಎಲ್ಲರಿಗೂ ಓದಿ ಹೇಳುತ್ತಿದ್ದ ಬೋರ್ಡು: ಕತ್ತರಿಸಿದ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.